ನೀಲಿ ಹಾಕಿ ನೋಡಿದ್ದು

ನಂದನಗದ್ದೆಯ ರಸ್ತೆಯಿಂದ ಒಂಬತ್ತು ಮೆಟ್ಟಿಲು ಇಳಿದರೆ
ನನ್ನ ಬೈಂಡಿಂಗ್ ಅಂಗಡಿ.
ಮೇಲೆ ಹೋಮಿಯೋಪತಿ, ಅದರ ಮೇಲೆ ವಿಮೆ,
ನೆಲದಡಿ ನಾನು:
ದಬ್ಬಣ, ದಾರ, ಮೈದಾ ಅಂಟು,
ಸರಕಾರದ ಹಳೇ ರಿಜಿಸ್ಟರುಗಳು.

ಮೂರು ವರ್ಷವಾಯಿತು,
ಜೂನ್ ಹತ್ತು ದಾಟಿದ್ದೇ
ಹೊಸ್ತಿಲಿನ ಎಡಮೂಲೆಯಿಂದ ನಾಲಗೆಯಷ್ಟು ನೀರು
ಒಳಬಂದು, ಕಪಾಟಿನ ಕಾಲು ನೆಕ್ಕಿ
ಅಲ್ಲೇ ಕೂತುಬಿಡುತ್ತದೆ
ಸಾಲ ಕೇಳಲು ಬಂದವರ ಹಾಗೆ,
ವಿಷಯ ಎತ್ತದೆ.

ಮೊದಲ ವರ್ಷ ಗೋಣಿಚೀಲ.
ಮರುವರ್ಷ ಡಾಂಬರು, ಬಾಗಿಲಡಿಗೆ ರಬ್ಬರು ಪಟ್ಟಿ.
ಮೂರನೆಯ ವರ್ಷ ಜಗಳ.
ಪಕ್ಕದ ಐಸ್ ಕಾರ್ಖಾನೆಯ ವಾಮನ ತಳೇಕರನಿಗೆ
ನಿನ್ನ ಗಟಾರವೇ ಅಂದೆ.
"ನನ್ನದಾದರೆ ಬಾಂಗಡೆ ನಾರಬೇಕಲ್ಲ, ಮೂಸಿ ನೋಡಿ."
ಮಂಡಿಯೂರಿ ಮೂಸಿದೆ.
ಅಂಟಿನ ವಾಸನೆ, ನನ್ನದೇ.
ಆದರೂ ಒಂದು ತಿಂಗಳು ಮಾತು ಬಿಟ್ಟೆ.

ಆ ಸಲವೇ ಜನನ ರಿಜಿಸ್ಟರೊಂದು ನೆನೆಯಿತು.
ಶಾಯಿ ಹಬ್ಬಿ
ಒಂದು ಕೂಸಿನ ಹೆಸರು
ಪಕ್ಕದ ಸಾಲಿನ ಕೂಸಿನ ಮೇಲೆ ಮಲಗಿತ್ತು.
ಕಚೇರಿಯ ಗುಮಾಸ್ತ ಬೈಯಲಿಲ್ಲ,
ಪುಟ ತಿರುವಿ ತಿರುವಿ ನೋಡಿದ, ಅಷ್ಟೆ.
ಬೈದಿದ್ದರೆ ಆಗುತ್ತಿತ್ತು.

ಸುಂಕೇರಿಯ ಇನಾಸ ಬಂದದ್ದು ಏಪ್ರಿಲಿನಲ್ಲಿ,
ಒಂದು ಹನಿಯಿಲ್ಲದ ಬಿಸಿಲಲ್ಲಿ.
ಬಾಗಿಲು ಮುಟ್ಟಲಿಲ್ಲ. ಐದನೇ ಮೆಟ್ಟಿಲ ಮೇಲೆ ಕೂತು
ಚಾ ಕುಡಿದ.
"ಒಂದು ಬಕೇಟು ನೀರು ಬಾಯೀ,
ಬಟ್ಟೆಗೆ ಹಾಕೋ ನೀಲಿ ಇದೆಯಾ?"

ಬುಡದಿಂದ ಶುರು.
ಹೊಸ್ತಿಲಿಗೆ ಹೊಯ್ದ, ಅರ್ಧ ಗಂಟೆ ಕಾದ, ಇಲ್ಲ.
ಗೋಡೆಯ ಸಂದಿಗೆ ಹೊಯ್ದ, ಕಾದ, ಇಲ್ಲ.
ಮೂರನೇ ಮೆಟ್ಟಿಲು. ಆರನೇ ಮೆಟ್ಟಿಲು.
ಹೊಯ್ದಲ್ಲೆಲ್ಲ ಸುಣ್ಣದ ಕಡ್ಡಿಯಲ್ಲಿ ಗಂಟೆ ಬರೆದ.
ನಾನು ಒಳಗೆ ಎರಡು ಪುಸ್ತಕ ಹೊಲಿದು ಮುಗಿಸಿದೆ.

ಕೊನೆಗೆ ತೀರಾ ಮೇಲೆ,
ಕೈಹಿಡಿಯುವ ಕಂಬಿಯ ಬುಡಕ್ಕೆ ಒಂದು ಚೊಂಬು.
ಹದಿನೇಳು ನಿಮಿಷ.
ಎಡಮೂಲೆಯಲ್ಲಿ
ಶಾಲೆಯ ಅಂಗಿಯ ನೀಲಿ.

ಕಂಬಿ ಹಾಕಿಸಿದವಳು ನಾನು.
ಮೊಣಕಾಲು ಕೈಕೊಟ್ಟ ಬೇಸಿಗೆಯಲ್ಲಿ
ಕೋಡಿಬಾಗದ ವೆಲ್ಡರ್ ಮೆಟ್ಟಿಲು ಕೊರೆದು
ಕೊಳವೆ ನಿಲ್ಲಿಸಿ, ಮುಷ್ಟಿ ಸಿಮೆಂಟು ಬಡಿದು ಹೋದ.
ಮೇಲಿನ ಟೊಪ್ಪಿ ಎಂದೋ ಬಿದ್ದಿತ್ತು.
ನಾನು ಹಿಡಿದು ಇಳಿಯುವಾಗೆಲ್ಲ
ಅಂಗೈಯ ಕೆಳಗೇ, ಪೊಳ್ಳಿನೊಳಗೆ,
ನೀರೂ ಇಳಿಯುತ್ತಿತ್ತು.

"ಕಿತ್ತುಬಿಡಲಾ?"
ನಾನು ಮೊಣಕಾಲು ನೋಡಿಕೊಂಡೆ.
ಅವನೂ ನೋಡಿದ. ಮತ್ತೆ ಕೇಳಲಿಲ್ಲ.

ಬುಡದ ಸುತ್ತ ಉಳಿಯಿಂದ ಬಿಡಿಸಿದ,
ಕರಿ ಮದ್ದು ತುಂಬಿದ,
ಮೆಟ್ಟಿಲಿಗಿಂತ ಬೆರಳು ಮೇಲೆ, ಹೊರಮೈಗೆ,
ಕೊಳವೆಗೊಂದು ಸಣ್ಣ ತೂತು ಕೊರೆದ.
"ಒಳಗೆ ಹೋದದ್ದಕ್ಕೆ ಹೊರಗೆ ಬರಲು ಬೇಕಲ್ಲ."
ತುದಿಗೆ ಸದ್ಯಕ್ಕೆ ನನ್ನ ಅಂಟಿನ ಡಬ್ಬಿಯ ಮುಚ್ಚಳ.
ಆಮೇಲೆ ಕೆಳಗಿನ ಜಾಳಿಗೆ ಎತ್ತಿ
ಮೊಳಕೈವರೆಗೆ ಕೈಯಿಳಿಸಿ ತೆಗೆದ:
ನಾನೇ ಕತ್ತರಿಸಿ ಗುಡಿಸಿದ ಕಾಗದದ ಅಂಚುಗಳು,
ಎಷ್ಟೋ ವರ್ಷದವು, ಕೊಳೆತು ಕೂಡಿಕೊಂಡು
ದಪ್ಪ ರಟ್ಟಾಗಿದ್ದವು.
"ತಗೋ ಬಾಯೀ, ಪುಸ್ತಕ ಮಾಡು."
ನಗಲಿಲ್ಲ ಅವನು. ನನಗೆ ನಗು ತಡೆಯಲಿಲ್ಲ.

ಜೂನ್ ಒಂಬತ್ತರ ರಾತ್ರಿ
ಕಡಲ ಕಡೆಯಿಂದ ಅದು ಬಂದೇಬಿಟ್ಟಿತು.
ಟಾರ್ಚು ಹಿಡಿದು ಇಳಿದೆ, ಕಂಬಿ ಹಿಡಿದೇ ಇಳಿದೆ.
ಹೊಸ್ತಿಲು ಒಣಗಿತ್ತು.
ತೂತಿನಿಂದ ತೊಟ್ಟು ತೊಟ್ಟು
ಮೊದಲು ಕೊಂಚ ನೀಲಿ, ಆಮೇಲೆ ಬರೀ ನೀರು.

ಬೆಳಿಗ್ಗೆ ವಾಮನನಿಗೆ ಹೇಳಿದೆ, ನಿನ್ನದಲ್ಲ ಅಂತ.
"ಮೂಸಿದ್ದಿರಲ್ಲ," ಎಂದ,
ಐಸು ಗರಗಸಕ್ಕೆ ಒಡ್ಡುತ್ತ.

ಕಪಾಟಿನ ಕೆಳಗಿನ ಹಲಗೆ ಮಾತ್ರ
ಇನ್ನೂ ಖಾಲಿ ಇಟ್ಟಿದ್ದೇನೆ.
ಆಷಾಢ ಕಳೆಯಲಿ.